ಇಲ್ಲದ ಸದ್ದಿಗೆ ಇಂಜಿನ್ ಬಿಚ್ಚಿಸಿದ್ದು

ಹೋದ ವಾರ ಗೆಳೆಯನೊಬ್ಬ ಹೊಸ ಕಾರು ಕೊಂಡು ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದ. ಪೂಜೆಯ ನಿಂಬೆಹಣ್ಣಿನ ಸಿಪ್ಪೆ ಇನ್ನೂ ಗಾಲಿಗೆ ಅಂಟಿಕೊಂಡಿತ್ತು. "ಬಾ, ಒಂದು ಸುತ್ತು ಹೋಗಿ ಬರೋಣ" ಎಂದ. ನಾನು ಹತ್ತಲಿಲ್ಲ. ಎಡಗಡೆಯ ಬಾಗಿಲಿಗೆ ಮುಷ್ಟಿಯಿಂದ ಎರಡು ಸಲ ಗುದ್ದಿ, ತಗಡಿಗೆ ಕಿವಿ ಆನಿಸಿ ನಿಂತೆ. ಅವನ ಮುಖ ನೀವು ನೋಡಬೇಕಿತ್ತು. ಹೊಸ ಸೊಸೆ ಮನೆಗೆ ಬಂದ ದಿನವೇ ಯಾರೋ ಅವಳ ಹಲ್ಲು ಎಣಿಸಿದ ಹಾಗಾಗಿತ್ತು ಅವನಿಗೆ.

"ಏನಲೇ ಇದು, ಎತ್ತು ಕೊಳ್ಳಾಕೆ ಬಂದೀಯಾ?" ಎಂದ.

ಇದು ಹುಚ್ಚಲ್ಲ ಸ್ವಾಮಿ, ಅಭ್ಯಾಸ. ಬಸ್ಸಿಗೂ ಹೀಗೇ ಗುದ್ದಿ ಕಂಡಕ್ಟರರಿಂದ ಬೈಸಿಕೊಂಡಿದ್ದೇನೆ. ಯಾರೋ ಪುಣ್ಯಾತ್ಮರ ಗೋದ್ರೇಜಿನ ಬೀರುವಿಗೂ ಒಮ್ಮೆ ಗುದ್ದಿ, ಅವರು ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂತೆ ಮಾಡಿದ್ದೇನೆ. ಇದಕ್ಕೆಲ್ಲ ಕಾರಣ ಮೂವತ್ತು ವರ್ಷದ ಹಿಂದೆ ನಮ್ಮ ಮನೆಯಲ್ಲಿದ್ದ ಒಂದು ಪುಟ್ಟ ಕಾರು. ಅದನ್ನು ಕಾರು ಎಂದು ಕರೆದವರು ಇಬ್ಬರೇ. ಒಬ್ಬರು ನಮ್ಮಪ್ಪ, ಇನ್ನೊಬ್ಬರು ಅಪ್ಪನಿಗೆ ಅದನ್ನು ಮಾರಿದ ಚನ್ನಗಿರಿಯ ಮುದಿ ಡಾಕ್ಟರು. ಮಾರಿ ದುಡ್ಡು ಎಣಿಸಿಕೊಂಡ ಮೇಲೆ ಡಾಕ್ಟರೂ ಹಾಗೆ ಕರೆಯುವುದನ್ನು ಬಿಟ್ಟರು. ಕೀಲಿ ಕೊಡುವಾಗ, ರೋಗಿಯ ಕಡೆಯವರನ್ನು ಪಕ್ಕಕ್ಕೆ ಕರೆದು ಹೇಳುವ ದನಿಯಲ್ಲಿ, "ಸ್ವಲ್ಪ ಹುಷಾರಾಗಿ ನೋಡ್ಕೊಳ್ರಿ, ಕೇಳಿದ್ದು ಕೊಡ್ರಿ" ಎಂದಿದ್ದರಂತೆ. ಅಪ್ಪನಿಗೆ ಆಗಲೇ ಅನುಮಾನ ಬರಬೇಕಿತ್ತು.

ಅಪ್ಪನದು ನ್ಯಾಮತಿಯಲ್ಲಿ ಫೋಟೋ ಸ್ಟುಡಿಯೋ. ಮದುವೆಯ ಕಾಲದಲ್ಲಿ ಕ್ಯಾಮೆರಾ, ದೀಪ, ಬ್ಯಾಟರಿ ಹೊತ್ತುಕೊಂಡು ಊರೂರು ತಿರುಗುವ ಕೆಲಸ. ಬಸ್ಸು ಬರುವ ಹೊತ್ತಿಗೆ ಮುಹೂರ್ತ ಇರುವುದಿಲ್ಲ, ಮುಹೂರ್ತದ ಹೊತ್ತಿಗೆ ಬಸ್ಸು ಇರುವುದಿಲ್ಲ ಎಂದು ಕಾರು ಕೊಂಡರು. ಕೊಂಡ ಮೇಲೆ ತಿಳಿಯಿತು, ಬಸ್ಸಾದರೆ ಬರುವುದಾದರೂ ಖಾತ್ರಿ.

ಬೆಳಿಗ್ಗೆ ಅದನ್ನು ಎಬ್ಬಿಸುವುದೇ ಒಂದು ಸೇವೆ. ಚೋಕ್ ಎಳೆದು, ಮೂತಿಗೆ ಹ್ಯಾಂಡಲ್ ತೂರಿಸಿ ತಿರುವಬೇಕು. ತಿರುವಿದರೆ ಹ್ಯಾಂಡಲ್ ವಾಪಸು ಒದೆಯುತ್ತಿತ್ತು. ಕಳ್ಳ ಎಮ್ಮೆಯಾದರೂ ಒದೆಯುವ ಮುಂಚೆ ಬಾಲ ಆಡಿಸುತ್ತದೆ, ಇದಕ್ಕೆ ಅಷ್ಟೂ ಮರ್ಯಾದೆಯಿಲ್ಲ. ಹೊರಟರೆ ಸವಳಂಗದ ಹತ್ತಿರ ರೇಡಿಯೇಟರ್ ಕುದಿಯುವುದು. ಅಲ್ಲಿ ಅಂಗಡಿಯಿಟ್ಟಿದ್ದ ಅಜ್ಜಿ ದೂರದಿಂದಲೇ ನಮ್ಮ ಹೊಗೆ ಕಂಡು ಕೊಡ ತುಂಬಿಸಿ ಇಡುತ್ತಿದ್ದಳು, ಬೀಗರಿಗೆ ಕಾಲಿಗೆ ನೀರು ಕೊಡುವ ಹಾಗೆ. ಪೆಟ್ರೋಲಿನ ಮುಳ್ಳು ಎಂದೋ ಸತ್ತಿದ್ದರಿಂದ ಟ್ಯಾಂಕಿಗೆ ಬಿದಿರು ಕಡ್ಡಿ ಇಳಿಸಿ ನೋಡಬೇಕು. ಬಲಕ್ಕೆ ತಿರುಗಿದರೆ ಹಾರ್ನ್ ತಾನಾಗಿ ಕೂಗುವುದು, ನಾವಾಗಿ ಒತ್ತಿದರೆ ಮೌನ. ಬ್ರೇಕ್ ಮೊದಲನೇ ಸಲ ಒತ್ತಿದರೆ ಕೇಳಿಸಿಕೊಳ್ಳುತ್ತಿತ್ತು, ಎರಡನೇ ಸಲಕ್ಕೆ ಯೋಚಿಸುತ್ತಿತ್ತು, ಮೂರನೇ ಸಲಕ್ಕೆ ಮನಸ್ಸಿದ್ದರೆ ನಿಲ್ಲುತ್ತಿತ್ತು. ಮುಂದಿನ ಎಡಬಾಗಿಲ ಚಿಲಕ ಕಿತ್ತುಹೋಗಿ, ಅದನ್ನು ಹಗ್ಗದಿಂದ ಬಿಗಿದು ಕಟ್ಟಿ, ಆ ಸೀಟನ್ನು ಬ್ಯಾಟರಿಗೂ ಕ್ಯಾಮೆರಾ ಪೆಟ್ಟಿಗೆಗೂ ಬಿಟ್ಟುಕೊಟ್ಟಿದ್ದೆವು. ನನ್ನ ಜಾಗ ಹಿಂದೆ, ದೀಪದ ಕೋಲುಗಳ ಕೆಳಗೆ.

ಒಂದು ಸರಿಮಾಡಿಸಿದರೆ ಇನ್ನೊಂದು ಮುನಿಸಿಕೊಳ್ಳುತ್ತಿತ್ತು. ಅಪ್ಪ ರಿಪೇರಿಯ ಖರ್ಚನ್ನು ರೂಪಾಯಿಯಲ್ಲಿ ಹೇಳುತ್ತಿರಲಿಲ್ಲ, ಮುಖದಲ್ಲಿ ಹೇಳುತ್ತಿದ್ದರು. ಒಂದು ಮುಖ ಎಂದರೆ ಒಬ್ಬರ ಪಾಸ್‌ಪೋರ್ಟ್ ಫೋಟೋ. ಕ್ಲಚ್ಚಿನ ತಂತಿ ನಾಲ್ಕು ಮುಖ. ಕಾರ್ಬೊರೇಟರ್ ಬಿಚ್ಚಿ ತೊಳೆಸಿದರೆ ಎರಡು. ರೇಡಿಯೇಟರಿಗೆ ಬೆಸುಗೆ ಹತ್ತು ಮುಖ, ಅಂದರೆ ರಾವಣನೊಬ್ಬ ಸ್ಟುಡಿಯೋಕ್ಕೆ ಬಂದು ಕೂತರೆ ಸಾಕು. ಡೈನಮೋ ಸುಟ್ಟಾಗ ಮಾತ್ರ ಅಪ್ಪ ಮಂಕಾಗಿ, "ಪರೀಕ್ಷೆ ಫಾರಂ ತುಂಬೋ ಕಾಲ ಬರಲಿ" ಎಂದರು. ಎಸ್ಸೆಸ್ಸೆಲ್ಸಿ ಮಕ್ಕಳು ತಲೆಗೆ ಎಣ್ಣೆ ಬಳಿದುಕೊಂಡು ಸಾಲುಗಟ್ಟಿ ಬಂದ ಮೇಲೆಯೇ ನಮ್ಮ ಕಾರಿನ ದೀಪ ಹತ್ತಿದ್ದು. ಆ ಮಕ್ಕಳಲ್ಲಿ ಎಷ್ಟು ಜನ ಪಾಸಾದರೋ ಕಾಣೆ. ಅವರ ಮುಖಗಳಂತೂ ನಮ್ಮ ಕಾರಿನಲ್ಲಿ ಸುಟ್ಟು ಹೋದವು.

ಅಮ್ಮನ ಲೆಕ್ಕ ಇನ್ನೂ ಸುಲಭ. "ನಂಗೆ ಒಂದು ಮಿಕ್ಸಿ ಕೊಡ್ಸಾಕೆ ಆಗ್ಲಿಲ್ಲ ನಿಮ್ಗೆ. ಅದೂ ಹಿಂಗೇ ಸದ್ದು ಮಾಡ್ತೈತೆ, ಆದ್ರೆ ಚಟ್ನಿಯಾದ್ರೂ ಆಗ್ತೈತೆ" ಎನ್ನುತ್ತಿದ್ದಳು.

ಇನ್ನು ನನ್ನ ವಿಷಯ. ನನಗಾಗ ಹತ್ತೊಂಬತ್ತು. ಬರುತ್ತಿದ್ದ ವಿದ್ಯೆ ಒಂದೇ, ಅಣಕ. ಪಿಯುಸಿಯ ಇಂಗ್ಲಿಷ್ ಮೇಷ್ಟರನ್ನು ಅವರಿಗಿಂತ ಚೆನ್ನಾಗಿ ಮಾಡುತ್ತಿದ್ದೆ, ಅವರು ಮಾಡಿದ ಪಾಠ ಮಾತ್ರ ಬರಲಿಲ್ಲ. ಸೋದರತ್ತೆ ಕಷ್ಟ ಹೇಳಿಕೊಳ್ಳುತ್ತ ನಡುವೆ ಎಲೆಯಡಿಕೆ ಉಗಿಯುವುದು, ಅಮ್ಮನ ಮೂರು ಕಂತಿನ ಸೀನು, ಎಲ್ಲವೂ ನನ್ನ ಬಾಯಲ್ಲಿದ್ದವು. ನನ್ನ ಸ್ವಂತ ದನಿ ಯಾವುದು ಎಂದು ಕೇಳಿದ್ದರೆ ಸ್ವಲ್ಪ ಹುಡುಕಬೇಕಾಗುತ್ತಿತ್ತು. ಮನೆಯಲ್ಲಿ ದಂಡಕ್ಕಿದ್ದ ಈ ವಿದ್ಯೆಗೆ ಕೆಲಸ ಕೊಟ್ಟಿದ್ದು ಆ ಕಾರೇ.

ಏಕೆಂದರೆ ಅದಕ್ಕೊಂದು ಕೆಟ್ಟ ಗುಣವಿತ್ತು. ದಾರಿಯುದ್ದಕ್ಕೂ ಗೋಳಾಡುವುದು, ಗ್ಯಾರೇಜಿನ ಮುಂದೆ ನಿಂತರೆ ಗಪ್‌ಚಿಪ್. ಹೆಣ್ಣು ನೋಡಲು ಬಂದವರೆದುರು ಕೂತ ಹುಡುಗಿಯಷ್ಟು ಸಾಧು. ಅದರ ರೋಗ ಬಲ್ಲವರು ಆ ಸೀಮೆಗೆಲ್ಲ ಒಬ್ಬರೇ, ಹೊನ್ನಾಳಿಯಲ್ಲಿ ಸೇತುವೆಗೆ ಮುಂಚೆ ಗ್ಯಾರೇಜ್ ಇಟ್ಟಿದ್ದ ಗೌಸಣ್ಣ. ನಲವತ್ತು ವರ್ಷದ ಮೇಸ್ತ್ರಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿದರೆಂದರೆ ಒಳಗಿನ ಸಮಾಚಾರವೆಲ್ಲ ಹೇಳುತ್ತಿದ್ದರು. ಆದರೆ ಸದ್ದೇ ಮಾಡದ ಗಾಡಿಗೆ ಅವರಾದರೂ ಏನು ಮಾಡಬೇಕು?

"ಸದ್ದು ಹೆಂಗೆ ಬರ್ತೈತ್ರೀ ಫೋಟೋ ಸಾಹೇಬ್ರೆ?" ಎಂದು ಅವರು ಕೇಳುವುದು, ಅಪ್ಪ "ಅದೇ... ಒಂಥರಾ..." ಎಂದು ಕೈ ತಿರುವುವುದು. ಒಂದು ದಿನ ನನಗೆ ತಡೆಯಲಾಗಲಿಲ್ಲ. ನಡುವೆ ಬಾಯಿ ಹಾಕಿ "ಕುಯ್ಞ್... ಕುಯ್ಞ್... ಗರ್" ಎಂದೆ. ಗೌಸಣ್ಣ ತಿರುಗಿ ನೋಡಿದರು. "ಇನ್ನೊಂದ್ಸಲ ಅನ್ನು ತಮ್ಮಾ" ಎಂದರು. ಅಂದೆ. "ಗಾಲಿ ಬೇರಿಂಗ್" ಎಂದವರೇ ಜಾಕ್ ತರಲು ಹೋದರು. ಬಿಚ್ಚಿ ನೋಡಿದರೆ ಗಾಲಿ ಬೇರಿಂಗೇ.

ಅಂದಿನಿಂದ ನಾನು ಆ ಕಾರಿನ ಅಧಿಕೃತ ಬಾಯಿ. ನಾನು ಸದ್ದು ಮಾಡುವುದು, ಗೌಸಣ್ಣ ಕಣ್ಣು ಮುಚ್ಚಿ ರೋಗ ಹೇಳುವುದು. ಒಮ್ಮೆ ಮೈಮರೆತು ಸ್ಕ್ರೂಡ್ರೈವರನ್ನು ನನ್ನ ಎದೆಗೇ ಇಟ್ಟು ಕಿವಿಗೊಟ್ಟರು. ಅಕ್ಕಪಕ್ಕದ ಚಹಾದಂಗಡಿಯವರು, ಬಸ್ಸಿಗೆ ಕಾದವರು ಬಂದು ನಿಲ್ಲತೊಡಗಿದರು. ಹಾಳಾಗಿದ್ದು ಅಲ್ಲೇ. ಜನ ನಿಂತರೆ ನನ್ನ ಬಾಯಿ ನನ್ನದಲ್ಲ.

ಎಡವಟ್ಟಾದ ಆ ಸಲ ಕಾರಿನ ಕಾಯಿಲೆ ಬಲು ಸಣ್ಣದು. ತಿರುವಿನಲ್ಲಿ, ಗುಂಡಿಯಲ್ಲಿ ಒಂದು "ಟಣ್". ಆಮೇಲೆ ಒಂದು "ಗ್ಳಕ್". ಅಷ್ಟೇ. ಅದನ್ನು ಅಪ್ಪನೂ ಕೇಳಿದ್ದರು, ನಾನೂ ಕೇಳಿದ್ದೆ. ಮುಂದಿನ ಗುರುವಾರ ಜಗಳೂರಿನಲ್ಲಿ ಮದುವೆ, ದೂರದ ದಾರಿ, ತೋರಿಸಿಬಿಡೋಣ ಎಂದು ಹೊನ್ನಾಳಿಗೆ ಬಂದೆವು.

ಆ ಮದುವೆಯ ಬಗ್ಗೆ ಹೇಳಬೇಕು. ಆ ಮನೆಯ ದೊಡ್ಡ ಮಗಳ ಮದುವೆಗೆ ಬೇರೆ ಯಾರೋ ಫೋಟೋದವನು ತಡವಾಗಿ ಬಂದು, ತಾಳಿ ಕಟ್ಟುವುದು ತಪ್ಪಿಸಿಕೊಂಡು, "ಇನ್ನೊಂದ್ಸಲ ಕಟ್ರಿ" ಎಂದನಂತೆ. ಮನೆಯ ಅಜ್ಜಿ, "ತಾಳಿ ಅಂದ್ರೆ ಅಂಗಿ ಗುಂಡಿಯೇನೋ, ಎರಡೆರಡು ಸಲ ಹಾಕಾಕೆ?" ಎಂದು ಅವನನ್ನು ಚಪ್ಪರದಿಂದಲೇ ಹೊರಗೆ ಹಾಕಿದ್ದಳಂತೆ. ಆ ಆಲ್ಬಮ್ಮಿನಲ್ಲಿ ಇವತ್ತಿಗೂ ಒಂದು ಪುಟ ಖಾಲಿ. ಅದಕ್ಕೇ ಎರಡನೆಯ ಮಗಳಿಗೆ ಅಷ್ಟು ದೂರದಿಂದ ಹುಡುಕಿಕೊಂಡು ನಮ್ಮಪ್ಪನ ಹತ್ತಿರ ಬಂದಿದ್ದರು. ಇಪ್ಪತ್ತು ವರ್ಷದಲ್ಲಿ ಅಪ್ಪ ಒಂದೇ ಒಂದು ತಾಳಿ ತಪ್ಪಿಸಿರಲಿಲ್ಲ. ಅವರಿಗೆ ಬೇರೆ ಹೆಮ್ಮೆ ಅಂತ ಏನೂ ಇರಲಿಲ್ಲ, ಆ ಒಂದೇ.

ಗೌಸಣ್ಣನ ಮುಂದೆ ಅಂದು ಇಪ್ಪತ್ತು ಜನರಾದರೂ ನಿಂತಿದ್ದರು. ನಾನು "ಟಣ್... ಗ್ಳಕ್" ಎಂದೆ. ಯಾರೂ ನಗಲಿಲ್ಲ. ಒಬ್ಬ ಬಸ್ ಡ್ರೈವರ್, "ಇಷ್ಟೇನಾ? ಇದಕ್ಕೆ ನಾನು ಚಾ ಬಿಟ್ಟು ಬಂದ್ನಾ?" ಎಂದ. ಅಷ್ಟು ಸಾಕಾಯಿತು. ಹಿಂದಿನ ವಾರವಷ್ಟೇ ನ್ಯಾಮತಿಯ ಅಕ್ಕಿ ಗಿರಣಿಯ ಡೀಸೆಲ್ ಇಂಜಿನ್ ಭಯಂಕರವಾಗಿ ಹೊಡೆದುಕೊಳ್ಳುವುದನ್ನು ಕೇಳಿ, ಕಲಿತು, ಎಲ್ಲಿ ಹಾಕಲಿ ಎಂದು ಕಾಯುತ್ತಿದ್ದೆ. ಅದನ್ನು ತಂದು ಇಲ್ಲಿ ಹಾಕಿದೆ. "ಕಟಕಟಕಟ ಕಟ್ ಕಟ್ ಕಟಕಟಕಟ", ಆಕ್ಸಿಲರೇಟರ್ ಒತ್ತಿದಂತೆ ಏರಿಸಿ, ಭುಜ ಕುಣಿಸಿ, ಕೊನೆಗೆ ಒಂದು ಕೆಮ್ಮು. ಜನ ಬಿದ್ದು ಬಿದ್ದು ನಕ್ಕರು. ಡ್ರೈವರ್ ಶಿಳ್ಳೆ ಹಾಕಿದ. ಅಪ್ಪ ಮಾತ್ರ ತಲೆ ಓರೆಮಾಡಿ ನನ್ನನ್ನೇ ನೋಡುತ್ತಿದ್ದರು, ಮುಖದಲ್ಲಿ ಏನೋ ಗಲಿಬಿಲಿ. ನಾನು ಅದನ್ನು ಮೆಚ್ಚುಗೆ ಎಂದುಕೊಂಡೆ.

ಗೌಸಣ್ಣ ಕಣ್ಣು ತೆರೆದಾಗ ನಗುತ್ತಿರಲಿಲ್ಲ. "ಬಿಗೆಂಡ್ ಬೇರಿಂಗ್ ಹೋಗೈತ್ರೀ ಸಾಹೇಬ್ರೆ, ಇಂಜಿನ್ ಹೊಟ್ಟೆಯಾಗಿಂದು. ಇಂಜಿನ್ ಇಳಿಸ್ಬೇಕು. ಹಿಂಗೇ ಓಡಿಸಿದ್ರೆ ರಾಡು ಬ್ಲಾಕ್ ಒಡ್ಕೊಂಡು ಹೊರಗೆ ಬರ್ತೈತೆ" ಎಂದರು.

ಆಗ ಹೇಳಬಹುದಿತ್ತು. ಇಪ್ಪತ್ತು ಜನ ನಗುತ್ತಿದ್ದರು, ಹೇಳಲಿಲ್ಲ. ಅಪ್ಪ "ಬುಧವಾರದೊಳಗೆ ಆಗ್ತೈತಾ?" ಎಂದರು. ಬುಧವಾರ ಸಂಜೆ ನ್ಯಾಮತಿಯಲ್ಲೇ ಒಂದು ನಿಶ್ಚಿತಾರ್ಥ ಒಪ್ಪಿಕೊಂಡಿದ್ದರು, ಬಸ್ಸಿನಲ್ಲಿ ಮುಂಚಿತವಾಗಿ ಜಗಳೂರಿಗೆ ಹೋಗುವಂತಿರಲಿಲ್ಲ. ಕಾರು ಇದ್ದರೆ ಮಾತ್ರ ಆ ತಾಳಿ. ಗೌಸಣ್ಣ ಆಗುತ್ತದೆ ಎಂದರು. ಬಸ್ಸಿನಲ್ಲಿ ಮನೆಗೆ ಬರುವಾಗ ಅಪ್ಪ ಬೆರಳು ಮಡಚುತ್ತಿದ್ದರು. ಎಷ್ಟು ಮುಖ ಎಂದು ನಾನು ಕೇಳಲಿಲ್ಲ. ಒಂದು ಊರೇ ಬೇಕಾಗುತ್ತಿತ್ತು.

ಬುಧವಾರ ಬೆಳಿಗ್ಗೆ ಅಮ್ಮ ಒಲೆಯ ಮುಂದೆ ಬೆಳ್ಳುಳ್ಳಿ ಜಜ್ಜಿ ಎಣ್ಣೆಗೆ ಹಾಕುತ್ತಿದ್ದಳು. "ಒಗ್ಗರಣೆನಾ?" ಎಂದೆ.

"ನಿಮ್ಮಪ್ಪನ ಕಿವಿಗೆ ಕಣಪ್ಪಾ. ಐದು ದಿನದಿಂದ ಬಿಡ್ತಾ ಇದೀನಿ. ಕಿವಿ ಮಂದ ಆಗೈತಂತೆ."

"ಯಾವಾಗಿಂದ?"

"ಗ್ಯಾರೇಜಿಂದ ಬಂದಾಗಿಂದ. ಅದೇನೋ ಕಟಕಟ ಅಂತ ಸದ್ದು ಬರ್ತಿತ್ತಂತೆ ಕಾರಾಗೆ. ಇವ್ರಿಗೆ ಒಂದು ದಿನಾನೂ ಕೇಳಿಸಿಲ್ಲಂತೆ. 'ಹುಡುಗನ ಕಿವಿಗೆ ಬಿದ್ದಿದ್ದು ನನ್ನ ಕಿವಿಗೆ ಬೀಳ್ಲಿಲ್ಲ ಅಂದ್ರೆ ನಂದು ಮುಗೀತು' ಅಂದ್ರು. ಕಿವಿ ಕೇಳ್ದೋನು ಸ್ಟೇರಿಂಗ್ ಹಿಡೀಬಾರ್ದಂತೆ. ಜಗಳೂರಿಗೆ ನೀನೇ ಓಡಿಸ್ಬೇಕಂತೆ."

ನನಗೆ ಡ್ರೈವಿಂಗ್ ಬರುತ್ತಿತ್ತು. ಅಂದರೆ ಅಪ್ಪ ಡ್ರೈವ್ ಮಾಡುವುದನ್ನು ಅಣಕಿಸಲು ಬರುತ್ತಿತ್ತು. ಆದರೆ ಎದೆ ಒಡೆದದ್ದು ಅದಕ್ಕಲ್ಲ. ಅಪ್ಪ ಒಳಗಿನಿಂದ ಬಂದರು, ಬಲಗಿವಿಯಲ್ಲಿ ಹತ್ತಿಯ ಉಂಡೆ, ಮೈಯೆಲ್ಲ ಒಗ್ಗರಣೆಯ ವಾಸನೆ. "ಹೊರಡೋಣೇನೋ?" ಎಂದು ಅಗತ್ಯಕ್ಕಿಂತ ಜೋರಾಗಿ ಕೇಳಿದರು. ಕಿವುಡರು ಹಾಗೆಯೇ ಮಾತಾಡುತ್ತಾರಲ್ಲ, ಆಗಲೇ ಅಭ್ಯಾಸ ಶುರುಮಾಡಿದ್ದರು.

ಹೊನ್ನಾಳಿಯ ಬಸ್ಸಿನಲ್ಲಿ ಮೂರು ಸಲ ಬಾಯಿ ತೆರೆದೆ. ಯಾರ ದನಿಯಲ್ಲಿ ಹೇಳುವುದೆಂದು ತಿಳಿಯದೆ ಮೂರು ಸಲವೂ ಮುಚ್ಚಿದೆ.

ಗ್ಯಾರೇಜಿನಲ್ಲಿ ಕಾರು ಇಂಜಿನ್ ಸಮೇತ ನಿಂತಿತ್ತು. ಗೌಸಣ್ಣ ಮಾತ್ರ ಬೀಡಿಯನ್ನೂ ಹಚ್ಚದೆ ಸ್ಟೂಲಿನ ಮೇಲೆ ಕೂತಿದ್ದರು. "ಬಿಚ್ಚಿ ನೋಡಿದೆ ಸಾಹೇಬ್ರೆ. ಬೇರಿಂಗು ಚೊಕ್ಕ ಐತೆ, ಮದುವಣಿಗನಂಗೆ. ಹಂಗೇ ವಾಪಸು ಕೂರಿಸಿದೆ. ನನ್ನ ಕಿವೀನೇ ಮೋಸ ಮಾಡ್ತು. ಸದ್ದು ಇನ್ಯಾತರದೋ, ನಂಗೆ ತಿಳೀಲಿಲ್ಲ. ತಿಳೀದ ಸದ್ದು ಇಟ್ಕೊಂಡು ಜಗಳೂರಿಗೆ ಹೋಗ್ರಿ ಅಂತ ನಾನು ಹೇಳಾಕಿಲ್ಲ. ದಾರೀಲಿ ಕೈ ಕೊಟ್ರೆ ತಾಳಿ ಹೋಗ್ತೈತೆ" ಎಂದರು.

"ನಿಂಗೆ ತಿಳೀಲಿಲ್ಲ, ನಂಗೆ ಕೇಳ್ಸೇ ಇಲ್ಲ ಗೌಸಣ್ಣ" ಎಂದರು ಅಪ್ಪ, ಪಕ್ಕದ ಟೈರಿನ ಮೇಲೆ ಕೂರುತ್ತ. "ವಯಸ್ಸಾತು ನಮ್ಗೆ."

"ಬೆಳ್ಳುಳ್ಳಿ ಎಣ್ಣೆ ಬಿಟ್ಟೀರೇನು?"

"ಹೂಂ. ಎರಡು ಎಸಳು."

"ನಾನೂ ಬಿಟ್ಕೊಂಡು ನೋಡ್ಬೇಕು."

ನನ್ನ ಒಂದು ನಿಮಿಷದ ಬಾಯಿ ಚಪಲಕ್ಕೆ ಎರಡು ಒಳ್ಳೆಯ ಕಿವಿಗಳು, ಸರಿಯಾಗಿ ಎಣಿಸಿದರೆ ನಾಲ್ಕು, ಹೀಗೆ ಎಣ್ಣೆಯ ಪಾಲಾಗುತ್ತಿದ್ದವು. ಹೇಳಿಬಿಟ್ಟೆ. "ಆ ಕಟಕಟ ಕಾರಿಂದಲ್ಲ. ಅಕ್ಕಿ ಗಿರಣಿದು. ಜನ ನಗ್ಲಿ ಅಂತ ನಾನೇ ಹಾಕಿದ್ದು." ಯಾರ ದನಿಯಲ್ಲಿ ಹೇಳಿದೆನೋ ಗೊತ್ತಿಲ್ಲ. ಬಲು ಸಣ್ಣ ದನಿ, ಮುಂಚೆ ಕೇಳಿದ್ದಲ್ಲ.

ಅಪ್ಪ ಹೊಡೆಯುತ್ತಾರೆ ಎಂದುಕೊಂಡೆ. ಅವರು ಕಿವಿಗೆ ಕೈ ಹಾಕಿ ಹತ್ತಿ ತೆಗೆದರು. ಅದನ್ನು ಒಮ್ಮೆ ನೋಡಿ, ಮೂಸಿ, ರಸ್ತೆಗೆ ಎಸೆದರು. ಅಷ್ಟೇ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು.

ಗೌಸಣ್ಣ ಮಾತ್ರ ಸ್ಟೂಲಿನಿಂದ ಎದ್ದರು. "ಯಾವ ಗಿರಣಿ? ನ್ಯಾಮತಿದಾ? ಆ ಇಂಜಿನ್ನು ಮೊನ್ನೆ ಬಿಗೆಂಡ್ ಹೋಗಿ ನಿಂತೈತೆ! ಶುಕ್ರವಾರ ಬಾ ಅಂತ ನಂಗೇ ಹೇಳಿ ಕಳಿಸ್ಯಾರೆ!" ಅವರ ಮುಖ ಹಬ್ಬದಂತಾಯಿತು. "ನನ್ನ ಕಿವಿ ಸರಿ ಐತೆ ಸಾಹೇಬ್ರೆ! ರೋಗ ಸರಿಯಾಗೇ ಹೇಳೀನಿ, ರೋಗಿ ಬೇರೆ ಅಷ್ಟೇ!" ಆಮೇಲೆ ನನ್ನ ರಟ್ಟೆ ಹಿಡಿದು ಕಾರಿನ ಮುಂದೆ ನಿಲ್ಲಿಸಿದರು. "ಈಗ ನಿಜವಾದ್ದು ಮಾಡು. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿ ಇಲ್ಲ."

ಅಂದೂ ಜನ ಸೇರಿದ್ದರು. ನಾನು ಕಣ್ಣು ಕೆಳಗೆ ಹಾಕಿ "ಟಣ್... ಗ್ಳಕ್" ಎಂದೆ. ಅಷ್ಟು ಸಪ್ಪೆ ಸದ್ದನ್ನು ಜನರೆದುರು ಮಾಡುವುದಿದೆಯಲ್ಲ, ಬಟ್ಟೆ ಬಿಚ್ಚಿ ನಿಂತ ಹಾಗೆ.

"ತಿರುವಿನಾಗೆ ಬರ್ತೈತಾ?"

"ಹೂಂ."

"ಗುಂಡಿಯಾಗೆ?"

"ಹೂಂ."

ಗೌಸಣ್ಣ ಯಾವುದೋ ಯೋಚನೆಯಲ್ಲಿ ಕಾರಿನ ಸುತ್ತ ಒಂದು ಸುತ್ತು ಬಂದರು. ಹಗ್ಗ ಕಟ್ಟಿದ್ದ ಎಡಬಾಗಿಲ ಹತ್ತಿರ ನಿಂತು ಮುಷ್ಟಿಯಿಂದ ಎರಡು ಸಲ ಗುದ್ದಿ, ತಗಡಿಗೆ ಕಿವಿ ಆನಿಸಿದರು. ಒಳಗಿನಿಂದ ಸಣ್ಣಗೆ "ಟಣ್" ಎಂದಿತು. ಅವರ ಮುಖದ ಹಬ್ಬ ಮುಗಿದುಹೋಯಿತು. ಬಾಗಿಲ ಒಳಗಿನ ರಟ್ಟು ಬಿಚ್ಚಿ, ಮೊಣಕೈವರೆಗೆ ಕೈ ಇಳಿಸಿ, ಒಂದು ಸ್ಪ್ಯಾನರ್ ಹೊರತೆಗೆದರು. ಹಿಡಿಗೆ ಕೆಂಪು ಬಣ್ಣ ಬಳಿದಿತ್ತು. ಆ ಗ್ಯಾರೇಜಿನ ಎಲ್ಲ ಸಾಮಾನಿಗೂ ಅದೇ ಗುರುತು. ಎರಡು ತಿಂಗಳ ಹಿಂದೆ ಆ ಬಾಗಿಲ ಗಾಜು ಇಳಿಯುತ್ತಿಲ್ಲವೆಂದು ಸರಿಮಾಡಿದವರು ಅವರೇ. ಅಂದಿನಿಂದ ಕಾಣೆಯಾಗಿದ್ದ ಈ ಸ್ಪ್ಯಾನರನ್ನು ಕದ್ದವನು ಚಿತ್ರದುರ್ಗದ ಒಬ್ಬ ಲಾರಿ ಡ್ರೈವರ್ ಎಂದು ಇಡೀ ಹೊನ್ನಾಳಿಗೆ ಸಾರಿದ್ದವರೂ ಅವರೇ.

ಇಬ್ಬರು ಅಪರಾಧಿಗಳು ಅಪ್ಪನ ಮುಂದೆ ನಿಂತೆವು. ಅಪ್ಪ ಒಮ್ಮೆ ಸ್ಪ್ಯಾನರ್ ನೋಡಿದರು, ಒಮ್ಮೆ ನನ್ನ ಬಾಯಿ ನೋಡಿದರು. "ಎಷ್ಟಾತು ಗೌಸಣ್ಣ?"

"ಕೂಲಿ ಬ್ಯಾಡ್ರೀ. ಗ್ಯಾಸ್ಕೆಟ್ಟಿಂದು, ಆಯಿಲಿಂದು ಮಾತ್ರ ಕೊಡ್ರಿ. ಈ ಗಾಡೀಲಿ ಸರಿ ಇದ್ದಿದ್ದು ಇಂಜಿನ್ ಒಂದೇ, ಅದನ್ನೂ ಬಿಚ್ಚಿಸಿದ್ವಿ."

"ಹದಿನೆಂಟು ಮುಖ" ಎಂದರು ಅಪ್ಪ, ಯಾರಿಗೂ ಅಲ್ಲ. ಆ ವರ್ಷ ಫಾರಂ ತುಂಬುವ ಕಾಲದಲ್ಲಿ ಸ್ಟುಡಿಯೋದ ಸ್ಟೂಲಿನ ಮೇಲೆ ಕೂತ ಮಕ್ಕಳಿಗೆಲ್ಲ "ಗದ್ದ ಮೇಲೆ, ಭುಜ ಕೆಳಗೆ" ಎಂದು ಹೇಳುವ ಕೆಲಸ ನನಗೆ ಬಿತ್ತು. ಹದಿನೆಂಟು ಮುಗಿದ ಮೇಲೂ ಅಪ್ಪ ಬಿಡಲಿಲ್ಲ.

ಮಾರನೆಯ ದಿನ ಬೆಳಕು ಹರಿಯುವ ಮುಂಚೆ ಹೊರಟೆವು. ಅಪ್ಪನೇ ಓಡಿಸಿದರು. ಹೊನ್ನಾಳಿಯ ಸೇತುವೆ ದಾಟಿತು, ದಾವಣಗೆರೆ ದಾಟಿತು. ಎಡಬಾಗಿಲು ಸದ್ದಿಲ್ಲದೆ ಕೂತಿತ್ತು, ನಾನೂ ಹಾಗೇ. ಜಗಳೂರು ಇನ್ನೊಂದು ಗಳಿಗೆಯ ದಾರಿ ಎನ್ನುವಾಗ ಮುಂದಿನಿಂದ ಸಣ್ಣಗೆ "ಚೀಂಯ್" ಎಂದು ಶುರುವಾಯಿತು. ಹೊಸ ಸದ್ದು! ಒಂದು ಬಿಟ್ಟರೆ ಒಂದು, ಈ ದರಿದ್ರ ಗಾಡಿಗೆ ಒಂದು ದಿನ ಆರೋಗ್ಯ ಎಂಬುದಿಲ್ಲವಲ್ಲ ಎಂದು ಹಲ್ಲು ಕಡಿದೆ. ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದರು.

"ಕೇಳ್ತೇನೋ?"

"ಇಲ್ಲ" ಎಂದೆ. ಭಯಕ್ಕೆ.

"ನಂಗೆ ಕೇಳ್ತೈತೆ" ಎಂದರು ಅಪ್ಪ. ಆ ಕಾರು ನಮ್ಮಲ್ಲಿದ್ದ ನಾಲ್ಕು ವರ್ಷದಲ್ಲಿ ಅದರ ಸದ್ದು ಕೇಳಿ ಅವರ ಮುಖ ಅರಳಿದ್ದನ್ನು ಕಂಡದ್ದು ಅದೊಂದೇ ಸಲ. ಚೀಂಯ್ ಎನ್ನುತ್ತಲೇ ಜಗಳೂರು ಸೇರಿದೆವು. ಆ ಮನೆಯ ಅಜ್ಜಿ ಚಪ್ಪರದ ಬಾಗಿಲಲ್ಲೇ ನಿಂತಿದ್ದಳು. ಅಪ್ಪ ದೀಪ ಹಚ್ಚಿ, ಕ್ಯಾಮೆರಾಕ್ಕೆ ಕಣ್ಣು ಹಚ್ಚಿ, ತಾಳಿಯ ಮೂರೂ ಗಂಟನ್ನು ಒಂದೊಂದಾಗಿ ಹಿಡಿದರು.

ವಾಪಸು ಬರುವಾಗ ಕಾರು ಹೊನ್ನಾಳಿಯ ಗ್ಯಾರೇಜಿನ ಮುಂದೆ ನಿಂತಿತು. ನಿಂತ ಕೂಡಲೇ ಎಂದಿನಂತೆ ಗಪ್‌ಚಿಪ್. ಗೌಸಣ್ಣ ಕೈ ಒರೆಸಿಕೊಳ್ಳುತ್ತ ಬಂದರು. ಚಹಾದಂಗಡಿಯ ಜನ ಲೋಟ ಹಿಡಿದೇ ಎದ್ದು ಬಂದು ಸುತ್ತ ನಿಂತು, ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಆಗ ಅಪ್ಪ, ನ್ಯಾಮತಿಯ ಮರ್ಯಾದಸ್ಥ ಫೋಟೋ ಸಾಹೇಬರು, ಜಗಳೂರಿನ ಮದುವೆಯ ಗಂಧ ಇನ್ನೂ ಹಣೆಯಲ್ಲಿದ್ದವರು, ಒಂದು ಹೆಜ್ಜೆ ಮುಂದೆ ಬಂದು, ಗಂಟಲು ಸರಿಮಾಡಿಕೊಂಡು, ಕತ್ತು ಚಾಚಿ, "ಚೀ...ಂಯ್. ಚೀಂ...ಯ್" ಎಂದರು. ಬಾಲ ತುಳಿಸಿಕೊಂಡ ಬೆಕ್ಕು ಕೂಡ ಅದಕ್ಕಿಂತ ಇಂಪಾಗಿ ಕೂಗುತ್ತದೆ. ಒಬ್ಬರೂ ನಗಲಿಲ್ಲ.

ಗೌಸಣ್ಣ ಕಣ್ಣು ಕೂಡ ಮುಚ್ಚಲಿಲ್ಲ. "ಫ್ಯಾನ್ ಬೆಲ್ಟು ಸಡ್ಲ ಆಗೈತೆ" ಎಂದು ಬಾನೆಟ್ ಎತ್ತಿದರು. ಆಮೇಲೆ, ಬಾಯಿ ಬಿಟ್ಟುಕೊಂಡು ನಿಂತಿದ್ದ ನನ್ನ ಕಡೆ ತಿರುಗಿ, "ತಮ್ಮಾ, ನೀ ಹೋಗಿ ಮೂರು ಚಾ ಹೇಳಿ ಬಾ. ಮೂರೇ ಹೇಳು, ಹೆಚ್ಚಿಲ್ಲ, ಕಮ್ಮಿ ಇಲ್ಲ" ಎಂದರು.